ಇರಾನ್‌ಸೆಲ್ ಪರವಾನಗಿ ಪ್ರಕರಣ: ಟೆಂಡರ್ ಗೆದ್ದವರು ಒಬ್ಬರು, ಜಾಲ ಕಟ್ಟಿದವರು ಇನ್ನೊಬ್ಬರು

ಇರಾನಿನ ಎರಡನೆಯ ಮೊಬೈಲ್ ಜಾಲವನ್ನು ಕಟ್ಟಿ ನಡೆಸುವ ಟೆಂಡರ್‌ನಲ್ಲಿ ಟರ್ಕಿಯ ಟರ್ಕ್‌ಸೆಲ್ ಕಂಪನಿಯ ಮುಂದಾಳತ್ವದ ಒಕ್ಕೂಟ ಗೆದ್ದಿದೆ ಎಂದು 2004ರ ಫೆಬ್ರುವರಿ 18ರಂದು ಪ್ರಕಟವಾಯಿತು. ಅದಾದ ಎರಡೇ ದಿನಕ್ಕೆ, ಫೆಬ್ರುವರಿ 20ರಂದು, ಇರಾನಿನ ಸಂಸತ್ತಾದ ಮಜ್ಲಿಸ್‌ಗೆ ಚುನಾವಣೆ ನಡೆದು, ಟೆಂಡರ್ ಕರೆದಿದ್ದ ಸರ್ಕಾರದ ರಾಜಕೀಯ ವಿರೋಧಿಗಳು ಬಹುಮತ ಪಡೆದರು. ಇಪ್ಪತ್ತೊಂದು ತಿಂಗಳ ನಂತರ, 2005ರ ನವೆಂಬರ್‌ನಲ್ಲಿ, ಆ ಪರವಾನಗಿ ದಕ್ಷಿಣ ಆಫ್ರಿಕಾದ ಎಂಟಿಎನ್ ಕಂಪನಿಯ ಪಾಲಾಯಿತು. ಟೆಂಡರ್‌ನಲ್ಲಿ ಎಂಟಿಎನ್ ಎರಡನೆಯ ಸ್ಥಾನದಲ್ಲಿತ್ತು.

ಈ ಕೈಬದಲನ್ನು ಲಂಚದ ಕಥೆಯಾಗಿ ಹೇಳುವುದು ರೂಢಿಯಾಗಿದೆ. ಮುಂದೆ ನ್ಯಾಯಾಲಯಗಳ ಮೆಟ್ಟಿಲು ಹತ್ತಿದ್ದೂ ಅದೇ ಕಥೆ. ಆದರೆ ಘಟನೆಗಳನ್ನು ನಡೆದ ಕ್ರಮದಲ್ಲಿಯೇ ಇಟ್ಟು ನೋಡಿದರೆ, ಯಾರು ಯಾರಿಗೆ ಹಣ ಕೊಟ್ಟರು ಎಂಬ ಪ್ರಶ್ನೆ ಏಳುವುದಕ್ಕೆ ಬಹಳ ಮೊದಲೇ ಟರ್ಕ್‌ಸೆಲ್‌ನ ಗೆಲುವು ಬರಿದಾಗತೊಡಗಿತ್ತು ಎಂಬುದು ಕಾಣುತ್ತದೆ. ಕಂಪನಿ ಸಹಿ ಹಾಕಿಸಿಕೊಂಡದ್ದು ಒಂದು ಬಣದಿಂದ. ಆ ಸಹಿಯನ್ನು ಊರ್ಜಿತಗೊಳಿಸುವ ಅಥವಾ ಕೆಡಿಸುವ ಶಕ್ತಿ ಇದ್ದದ್ದು ಇನ್ನೊಂದು ಬಣಕ್ಕೆ.

ಹಿನ್ನೆಲೆ

ಇರಾನಿನಲ್ಲಿ ಮೊಬೈಲ್ ಸೇವೆ 1994ರಲ್ಲಿ ಆರಂಭವಾಯಿತು. ಹತ್ತು ವರ್ಷಗಳ ಕಾಲ ಅದು ಸರ್ಕಾರಿ ದೂರಸಂಪರ್ಕ ಸಂಸ್ಥೆಯ ಏಕಸ್ವಾಮ್ಯದಲ್ಲಿಯೇ ಇತ್ತು. ಒಂದು ಸಿಮ್ ಕಾರ್ಡಿಗೆ ನೂರಾರು ಡಾಲರ್ ತೆರಬೇಕಿತ್ತು, ಹಣ ಕಟ್ಟಿದ ಮೇಲೂ ತಿಂಗಳುಗಟ್ಟಲೆ ಕಾಯಬೇಕಿತ್ತು. ಸಿಮ್ ಎಂಬುದು ಕೊಂಡು ಮಾರಿ ಲಾಭ ಮಾಡಿಕೊಳ್ಳುವ ಆಸ್ತಿಯೇ ಆಗಿತ್ತು. ಸುಮಾರು 7 ಕೋಟಿ ಜನಸಂಖ್ಯೆಯ, ಅರ್ಧಕ್ಕಿಂತ ಹೆಚ್ಚು ಮಂದಿ 30ರೊಳಗಿನವರಾಗಿದ್ದ ಆ ದೇಶದಲ್ಲಿ ನೂರರಲ್ಲಿ ಹತ್ತು ಜನರ ಬಳಿಯೂ ಮೊಬೈಲ್ ಇರಲಿಲ್ಲ. ಇಂಥ ಮಾರುಕಟ್ಟೆಗೆ 15 ವರ್ಷಗಳ ಪರವಾನಗಿ, ಅದಕ್ಕೆ 30 ಕೋಟಿ ಯೂರೋ ಶುಲ್ಕ ಎಂಬ ಷರತ್ತು ದೂರಸಂಪರ್ಕ ಉದ್ಯಮದವರಿಗೆ ದುಬಾರಿಯಾಗಿ ಕಂಡಿರಲಾರದು.

ಟೆಂಡರ್ ಕರೆದದ್ದು ಅಧ್ಯಕ್ಷ ಮೊಹಮ್ಮದ್ ಖತಾಮಿಯವರ ಸರ್ಕಾರ. 1997ರಲ್ಲಿ ಸುಧಾರಣಾವಾದಿಗಳ ಅಭ್ಯರ್ಥಿಯಾಗಿ ಭಾರಿ ಬಹುಮತದಿಂದ ಗೆದ್ದ ಖತಾಮಿ ವಿದೇಶಿ ಬಂಡವಾಳವನ್ನು ತಮ್ಮ ಆರ್ಥಿಕ ನೀತಿಯ ಮುಖ್ಯ ಅಂಗವಾಗಿಸಿಕೊಂಡಿದ್ದರು. ಆದರೆ ಇರಾನಿನ ವ್ಯವಸ್ಥೆಯಲ್ಲಿ ಚುನಾಯಿತ ಅಧ್ಯಕ್ಷನ ಮೇಲೆ ಸರ್ವೋಚ್ಚ ನಾಯಕನಿದ್ದಾನೆ. ಸೇನೆ, ನ್ಯಾಯಾಂಗದ ಮುಖ್ಯಸ್ಥನ ನೇಮಕ, ಸರ್ಕಾರಿ ದೂರದರ್ಶನ, ಇಸ್ಲಾಮಿಕ್ ರೆವಲ್ಯೂಷನರಿ ಗಾರ್ಡ್ ಎಂಬ ಪಡೆ, ಬೊನ್ಯಾದ್‌ಗಳೆಂದು ಕರೆಯಲಾಗುವ ಬೃಹತ್ ದತ್ತಿ ಸಂಸ್ಥೆಗಳು, ಇವೆಲ್ಲವೂ ಅವನ ಅಧೀನದಲ್ಲಿವೆ. ಮಜ್ಲಿಸ್ ಅಂಗೀಕರಿಸಿದ ಯಾವುದೇ ಮಸೂದೆಯನ್ನು ತಡೆಯುವ ಮತ್ತು ಯಾರು ಚುನಾವಣೆಗೆ ನಿಲ್ಲಬಹುದೆಂದು ತೀರ್ಮಾನಿಸುವ ಅಧಿಕಾರ 12 ಸದಸ್ಯರ ಗಾರ್ಡಿಯನ್ ಕೌನ್ಸಿಲ್‌ಗೆ ಇದ್ದು, ಅದರ ಆರು ಮಂದಿ ಧರ್ಮಶಾಸ್ತ್ರಜ್ಞರನ್ನು ಸರ್ವೋಚ್ಚ ನಾಯಕನೇ ನೇರವಾಗಿ ನೇಮಿಸುತ್ತಾನೆ. 2004ರ ಚುನಾವಣೆಗೆ ಮುನ್ನ ಈ ಕೌನ್ಸಿಲ್ 2,000ಕ್ಕೂ ಹೆಚ್ಚು ಅಭ್ಯರ್ಥಿಗಳನ್ನು ಅನರ್ಹಗೊಳಿಸಿತು. ಅವರಲ್ಲಿ ಹೆಚ್ಚಿನವರು ಸುಧಾರಣಾವಾದಿಗಳು. ಆಗ ಮಜ್ಲಿಸ್ ಸದಸ್ಯರಾಗಿದ್ದ ಹತ್ತಾರು ಮಂದಿಯೂ ಆ ಪಟ್ಟಿಯಲ್ಲಿದ್ದರು. ಮೇ ಕೊನೆಯಲ್ಲಿ ಸೇರಿದ ಹೊಸ ಮಜ್ಲಿಸ್‌ನಲ್ಲಿ ಸಂಪ್ರದಾಯವಾದಿಗಳದೇ ಮೇಲುಗೈ.

ಟರ್ಕ್‌ಸೆಲ್‌ನವರಿಗೆ ಇದು ತಿಳಿದಿರಲಿಲ್ಲ ಎನ್ನಲಾಗದು, ನೆರೆಯ ದೇಶದ ಕಂಪನಿ ಅದು. ಅದರ ಎಚ್ಚರಿಕೆ ಅದು ರಚಿಸಿದ ಒಕ್ಕೂಟದಲ್ಲಿಯೇ ಕಾಣುತ್ತದೆ. ಸ್ಥಳೀಯ ಪಾಲುದಾರರಲ್ಲಿ ಎರಡು ಸಂಸ್ಥೆಗಳು ಗಮನಾರ್ಹವಾಗಿದ್ದವು. ಒಂದು, ರಕ್ಷಣಾ ಸಚಿವಾಲಯದ ಅಂಗವಾಗಿ ಸೇನೆಗೆ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಸಾಯಿರಾನ್. ಇನ್ನೊಂದು, 1979ರ ಕ್ರಾಂತಿಯ ನಂತರ ಷಾ ಮನೆತನದಿಂದ ವಶಪಡಿಸಿಕೊಂಡ ಆಸ್ತಿಗಳ ಮೇಲೆ ಬೆಳೆದ ಬೊನ್ಯಾದ್ ಮೊಸ್ತಜಾಫಾನ್. ಎರಡೂ ಖತಾಮಿ ಬಣದವಲ್ಲ. ಅಂದರೆ ಕಂಪನಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಳ್ಳುವಾಗಲೇ ಎದುರು ಬಣಕ್ಕೂ ಒಂದು ಪಾಲು ಎತ್ತಿಟ್ಟಿತ್ತು. ಆ ಪಾಲು ಸಾಲದಾಯಿತೆಂಬುದು ಆಮೇಲೆ ತಿಳಿಯಿತು.

ವಿಮಾನ ನಿಲ್ದಾಣದ ಎಚ್ಚರಿಕೆ

ಟರ್ಕ್‌ಸೆಲ್ ಪ್ರಕರಣವನ್ನು ಇನ್ನೊಂದು ಟರ್ಕಿ ಕಂಪನಿಯ ಪಾಡಿನಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲಾಗದು. ಟೆಹರಾನಿನ ದಕ್ಷಿಣಕ್ಕೆ ಕಟ್ಟಿದ್ದ ಇಮಾಮ್ ಖೊಮೇನಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಟರ್ಮಿನಲ್ ನಡೆಸುವ ಗುತ್ತಿಗೆಯನ್ನು ಖತಾಮಿ ಸರ್ಕಾರ ಟಾವ್ ಎಂಬ ಟರ್ಕಿ ಒಕ್ಕೂಟಕ್ಕೆ ಕೊಟ್ಟಿತ್ತು. 2004ರ ಮೇ 8ರಂದು ನಿಲ್ದಾಣ ಉದ್ಘಾಟನೆಯಾಗಿ ದುಬೈನಿಂದ ಬಂದ ಮೊದಲ ವಿಮಾನ ಇಳಿಯಿತು. ಅಷ್ಟರಲ್ಲಿ ರೆವಲ್ಯೂಷನರಿ ಗಾರ್ಡ್‌ನ ತುಕಡಿಗಳು ವಾಹನಗಳನ್ನು ತಂದು ರನ್‌ವೇಗೆ ಅಡ್ಡ ನಿಲ್ಲಿಸಿದವು. ಇಳಿಯಲು ಬರುತ್ತಿದ್ದ ಇನ್ನೊಂದು ವಿಮಾನವನ್ನು ಇಸ್ಫಹಾನ್ ಕಡೆಗೆ ತಿರುಗಿಸಬೇಕಾಯಿತು. ಟಾವ್‌ಗೆ ಇಸ್ರೇಲ್ ಜೊತೆ ವ್ಯಾಪಾರ ಸಂಬಂಧವಿದೆ, ವಿದೇಶಿಯರ ಕೈಯಲ್ಲಿ ನಿಲ್ದಾಣವಿದ್ದರೆ ದೇಶದ ಭದ್ರತೆಗೆ ಅಪಾಯ ಎಂಬುದು ಪಡೆಯ ಕಡೆಯಿಂದ ಬಂದ ಕಾರಣ. ಕಂಪನಿ ಅದನ್ನು ಅಲ್ಲಗಳೆಯಿತು. ಹೊಚ್ಚ ಹೊಸ ನಿಲ್ದಾಣ ಸುಮಾರು ಒಂದು ವರ್ಷ ಮುಚ್ಚಿಯೇ ಇದ್ದು, 2005ರ ಏಪ್ರಿಲ್ ಕೊನೆಯಲ್ಲಿ ಟಾವ್ ಇಲ್ಲದೆ ತೆರೆಯಿತು.

ದೇಶದ ಅಧ್ಯಕ್ಷನ ಸರ್ಕಾರ ಉದ್ಘಾಟಿಸಿದ ನಿಲ್ದಾಣವನ್ನು ಅದೇ ದೇಶದ ಪಡೆಯೊಂದು ಅದೇ ದಿನ ಮುಚ್ಚಿತು, ಅದಕ್ಕಾಗಿ ಯಾರ ಮೇಲೂ ಕ್ರಮವಾಗಲಿಲ್ಲ. ಟಾವ್‌ಗೆ ಮಾತ್ರವಲ್ಲ, ಟೆಹರಾನಿನಲ್ಲಿದ್ದ ಪ್ರತಿಯೊಂದು ವಿದೇಶಿ ಕಂಪನಿಗೂ ಇದರಿಂದ ತಿಳಿಯಬೇಕಾದದ್ದು ತಿಳಿಯಿತು. ಗಾರ್ಡ್ ಹೇಳಿದ ಭದ್ರತೆಯ ಕಾರಣ ಪ್ರಾಮಾಣಿಕವೋ ನೆಪವೋ ಎಂದು ಅನೇಕರು ಚರ್ಚಿಸಿದ್ದಾರೆ. ಆ ಚರ್ಚೆ ಅಷ್ಟು ಫಲಕಾರಿ ಎಂದು ನನಗೆ ತೋರುವುದಿಲ್ಲ. ಗಾರ್ಡ್‌ಗೆ ಸಂಬಂಧಿಸಿದ ಸಂಸ್ಥೆಗಳು ನಿರ್ಮಾಣ ಕಾಮಗಾರಿ ಮತ್ತು ಗುತ್ತಿಗೆಗಳಲ್ಲಿ ಆಗಲೇ ಆಳವಾಗಿ ಇಳಿದಿದ್ದವು; ಪಡೆಯ ಭದ್ರತಾ ಆತಂಕ ಮತ್ತು ಅದರ ವ್ಯಾಪಾರದ ಹಿತ ಒಂದೇ ದಿಕ್ಕಿಗೆ ಮುಖ ಮಾಡಿದ್ದಾಗ, ಯಾವುದು ಯಾವುದನ್ನು ಎಳೆಯಿತೆಂದು ಹೊರಗಿನವರು ಬಿಡಿಸಿ ಹೇಳುವುದು ಸಾಧ್ಯವಿಲ್ಲ.

ಮಜ್ಲಿಸ್ ಹಿಡಿದ ದಾರಿ

ಮೊಬೈಲ್ ಪರವಾನಗಿಯ ವಿಷಯದಲ್ಲಿ ವಾಹನಗಳನ್ನು ಅಡ್ಡ ನಿಲ್ಲಿಸುವ ಅಗತ್ಯ ಬೀಳಲಿಲ್ಲ, ಕಾನೂನೇ ಸಾಕಾಯಿತು. 2004ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟರ್ಕ್‌ಸೆಲ್ ಒಕ್ಕೂಟದೊಂದಿಗೆ ಪರವಾನಗಿ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ತಿಂಗಳ ಕೊನೆಯಲ್ಲಿ ಮಜ್ಲಿಸ್, ದೂರಸಂಪರ್ಕ ಮತ್ತು ವಿಮಾನ ನಿಲ್ದಾಣಗಳಿಗೆ ಸಂಬಂಧಿಸಿ ವಿದೇಶಿಯರೊಂದಿಗೆ ಮಾಡಿಕೊಳ್ಳುವ ಒಪ್ಪಂದಗಳಿಗೆ ತನ್ನ ಒಪ್ಪಿಗೆ ಕಡ್ಡಾಯ ಎಂಬ ಮಸೂದೆಯನ್ನು ಅವಸರದಲ್ಲಿ ಅಂಗೀಕರಿಸಿತು. ಮಸೂದೆಯ ಗುರಿ ಯಾವ ಎರಡು ಕಂಪನಿಗಳೆಂಬುದನ್ನು ಯಾರೂ ಮುಚ್ಚಿಡಲಿಲ್ಲ. ಅದೇ ವಾರ ಟರ್ಕಿಗೆ ಹೊರಡಬೇಕಿದ್ದ ಖತಾಮಿ ತಮ್ಮ ಪ್ರವಾಸವನ್ನು ಮುಂದೂಡಿದರು; ಅಂಕಾರಾಕ್ಕೆ ಹೋಗಿ ಅವರು ಕೊಡಬಹುದಾಗಿದ್ದ ಭರವಸೆಯಾದರೂ ಏನಿತ್ತು? ಅಕ್ಟೋಬರ್ 3ರಂದು ಮಜ್ಲಿಸ್ ಸಾರಿಗೆ ಸಚಿವ ಅಹ್ಮದ್ ಖೊರ್ರಮ್ ಅವರನ್ನು ಪದಚ್ಯುತಗೊಳಿಸಿತು. ಅವರ ಮೇಲಿನ ಆರೋಪಗಳಲ್ಲಿ ಟಾವ್ ಗುತ್ತಿಗೆಯೂ ಒಂದಾಗಿತ್ತು. ಪರವಾನಗಿಗೆ ಹೊಣೆಯಾಗಿದ್ದ ಸಂಪರ್ಕ ಸಚಿವರು ಈ ಘಟನೆಯಿಂದ ಏನನ್ನು ಗ್ರಹಿಸಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಟರ್ಕ್‌ಸೆಲ್‌ನ ವಿರೋಧಿಗಳು ಮುಂದಿಟ್ಟ ವಾದ ಮೇಲ್ನೋಟಕ್ಕೆ ಅಸಂಬದ್ಧವೇನಲ್ಲ. ಮೊಬೈಲ್ ಜಾಲ ಯಾರ ಕೈಯಲ್ಲಿದೆಯೋ ಅವರಿಗೆ ಯಾರು ಯಾರೊಡನೆ ಮಾತಾಡಿದರು, ಎಲ್ಲಿಂದ ಮಾತಾಡಿದರು ಎಂಬುದು ಗೊತ್ತಾಗುತ್ತದೆ. ನ್ಯೂಯಾರ್ಕ್ ಷೇರುಪೇಟೆಯಲ್ಲಿ ನೋಂದಾಯಿತವಾಗಿರುವ, ನ್ಯಾಟೊ ಸದಸ್ಯ ದೇಶದ ಕಂಪನಿಗೆ ಬಹುಪಾಲು ಷೇರು ಕೊಟ್ಟರೆ ಕದ್ದಾಲಿಕೆಗೆ ದಾರಿಯಾಗುತ್ತದೆ ಎಂದು ಅವರು ವಾದಿಸಿದರು. ಅಷ್ಟಕ್ಕೂ ವಿದೇಶಿ ಪಾಲಿಗೆ ಮಿತಿ ಹಾಕುವುದು ನಿರಂಕುಶ ಪ್ರಭುತ್ವದ ಲಕ್ಷಣವೇ ಅಲ್ಲ. ಭಾರತದಲ್ಲಿಯೂ ಮೊಬೈಲ್ ಕಂಪನಿಗಳಲ್ಲಿ ವಿದೇಶಿ ನೇರ ಬಂಡವಾಳದ ಮಿತಿ 49 ಶೇಕಡಾ ಇದ್ದು, 2005ರಲ್ಲಷ್ಟೇ ಅದನ್ನು 74 ಶೇಕಡಾಕ್ಕೆ ಏರಿಸಲಾಯಿತು. ಆಗ ಇಲ್ಲಿ ಎಡಪಕ್ಷಗಳು ಎತ್ತಿದ ಆಕ್ಷೇಪಗಳಲ್ಲಿಯೂ ದೇಶದ ಭದ್ರತೆಯ ಮಾತಿತ್ತು. ವ್ಯತ್ಯಾಸ ಇರುವುದು ಕಾಲದಲ್ಲಿ. ಭಾರತದಲ್ಲಿ ಕಂಪನಿಗಳು ಮಿತಿಯನ್ನು ತಿಳಿದೇ ಪರವಾನಗಿಗೆ ಅರ್ಜಿ ಹಾಕಿದ್ದವು. ಇರಾನಿನಲ್ಲಿ 70 ಶೇಕಡಾ ವಿದೇಶಿ ಪಾಲಿನ ಆಧಾರದ ಮೇಲೆ ಟೆಂಡರ್ ಮುಗಿದು, ಗೆದ್ದವರ ಹೆಸರು ಪ್ರಕಟವಾಗಿ, ಒಪ್ಪಂದಕ್ಕೆ ಸಹಿ ಬಿದ್ದ ನಂತರ ನಿಯಮ ಬದಲಾಯಿತು.

2005ರ ಆರಂಭದಲ್ಲಿ ಮಜ್ಲಿಸ್ ತನ್ನ ಷರತ್ತುಗಳನ್ನು ಗೊತ್ತುಪಡಿಸಿತು: ವಿದೇಶಿ ಪಾಲು 49 ಶೇಕಡಾ ಮೀರಬಾರದು, ಆಡಳಿತದಲ್ಲಿ ಇರಾನಿಯರಿಗೆ ಮೇಲುಗೈ ಇರಬೇಕು, ಭದ್ರತಾ ಸಂಸ್ಥೆಗಳ ಒಪ್ಪಿಗೆ ಬೇಕು. ಟರ್ಕ್‌ಸೆಲ್ ಇದನ್ನೂ ಒಪ್ಪಿಕೊಂಡಿತು. ಇಡೀ ಪ್ರಕರಣದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಅಂಶ ಇದೇ ಎಂದು ನನ್ನ ಭಾವನೆ. ಬಹುಪಾಲು ವಿದೇಶಿಯರ ಕೈಗೆ ಹೋಗುತ್ತದೆ ಎಂಬುದೇ ಆಕ್ಷೇಪವಾಗಿದ್ದರೆ ಅದು ಅಲ್ಲಿಗೆ ಬಗೆಹರಿಯಬೇಕಿತ್ತು. ಬಗೆಹರಿಯಲಿಲ್ಲ. ಶುಲ್ಕ ಕಟ್ಟುವ ಕ್ರಮ, ಭದ್ರತಾ ಒಪ್ಪಂದದ ಒಕ್ಕಣೆ, ಆಡಳಿತದ ಹಕ್ಕುಗಳು ಎಂದು ಮಾತುಕತೆ ಎಳೆಯುತ್ತಲೇ ಹೋಯಿತು; ಜೂನ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ಮಹಮೂದ್ ಅಹ್ಮದಿನೆಜಾದ್ ಗೆದ್ದು ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡರು. ಟೆಂಡರ್ ಕರೆದಿದ್ದ ಬಣ ಸರ್ಕಾರದಲ್ಲಿಯೂ ಉಳಿಯಲಿಲ್ಲ, ಮಜ್ಲಿಸ್‌ನಲ್ಲಿಯೂ ಉಳಿಯಲಿಲ್ಲ. ನವೆಂಬರ್ ಕೊನೆಗೆ ಎಂಟಿಎನ್‌ಗೆ 49 ಶೇಕಡಾ ಪಾಲಿನೊಂದಿಗೆ ಪರವಾನಗಿ ದೊರೆಯಿತು. ಉಳಿದ 51 ಶೇಕಡಾ ಸಾಯಿರಾನ್ ಮತ್ತು ಬೊನ್ಯಾದ್ ಮೊಸ್ತಜಾಫಾನ್ ಸೇರಿ ಮಾಡಿಕೊಂಡಿದ್ದ ಇರಾನ್ ಎಲೆಕ್ಟ್ರಾನಿಕ್ ಡೆವಲಪ್‌ಮೆಂಟ್ ಕಂಪನಿಯ ಕೈಯಲ್ಲಿ ನಿಂತಿತು.

ಹಾಗಾದರೆ ನಿಜವಾಗಿ ಬದಲಾದದ್ದೇನು? ಪರವಾನಗಿ ಅದೇ, ಶುಲ್ಕ ಅದೇ, ಕಂಪನಿಯ ಹೆಸರೂ ಇರಾನ್‌ಸೆಲ್ ಎಂದೇ ಉಳಿಯಿತು. ಸ್ಥಳೀಯ ಪಾಲುದಾರರಲ್ಲಿ ಪ್ರಬಲರಾಗಿದ್ದ ಇಬ್ಬರೂ ಹಿಂದಿನವರೇ. ಅಲ್ಪಪಾಲು ಹೊಂದಿದ್ದ ಅವರು ಬಹುಪಾಲು ಹಿಡಿದರು, ವಿದೇಶಿ ಕಂಪನಿ ಮಾತ್ರ ಬದಲಾಯಿತು. ವಿದೇಶಿಯರು ಬೇಡ ಎಂಬ ಮಾತು ಎಷ್ಟೇ ಗಟ್ಟಿಯಾಗಿ ಕೇಳಿಬಂದಿದ್ದರೂ, ಜಗಳ ವಿದೇಶಿಯರು ಬರಬೇಕೆ ಬೇಡವೆ ಎಂಬುದರ ಮೇಲೆ ನಡೆದಿರಲಿಲ್ಲ. ಅವರನ್ನು ಯಾರು ಕರೆತಂದರು, ಅವರು ಯಾರಿಗೆ ಋಣಿಯಾಗಿರಬೇಕು ಎಂಬುದರ ಮೇಲೆ ನಡೆದಿತ್ತು. ಖತಾಮಿ ಕರೆತಂದ ಕಂಪನಿ ಷೇರು ಇಳಿಸಿಕೊಂಡರೂ ಖತಾಮಿ ಕರೆತಂದ ಕಂಪನಿಯಾಗಿಯೇ ಉಳಿದಿತ್ತು.

ಲಂಚದ ಆರೋಪ

2012ರ ಮಾರ್ಚ್‌ನಲ್ಲಿ ಟರ್ಕ್‌ಸೆಲ್ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಲಯದಲ್ಲಿ ಎಂಟಿಎನ್ ವಿರುದ್ಧ 420 ಕೋಟಿ ಡಾಲರ್ ಪರಿಹಾರ ಕೋರಿ ದಾವೆ ಹೂಡಿತು. ಅದರ ಆರೋಪಗಳು ಗಂಭೀರವಾದವು: ಎಂಟಿಎನ್ ಪರವಾನಗಿಯನ್ನು ಕಸಿದುಕೊಳ್ಳಲು ಯೋಜನೆಯನ್ನೇ ಹಾಕಿ ಅದಕ್ಕೆ 'ಪ್ರಾಜೆಕ್ಟ್ ಸ್ನೂಕರ್' ಎಂದು ಹೆಸರಿಟ್ಟಿತ್ತು, ಇರಾನ್ ಮತ್ತು ದಕ್ಷಿಣ ಆಫ್ರಿಕಾದ ಅಧಿಕಾರಿಗಳಿಗೆ ಹಣ ಸಂದಾಯ ಮಾಡಿತ್ತು, ದಕ್ಷಿಣ ಆಫ್ರಿಕಾದಿಂದ ಶಸ್ತ್ರಾಸ್ತ್ರ ಕೊಡಿಸುವ ಮತ್ತು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯಲ್ಲಿ ಆ ದೇಶದ ಮತವನ್ನು ಇರಾನಿಗೆ ಅನುಕೂಲವಾಗಿಸುವ ಭರವಸೆ ನೀಡಿತ್ತು. ಎಂಟಿಎನ್‌ನ ಟೆಹರಾನ್ ಕಚೇರಿಯ ಮಾಜಿ ಅಧಿಕಾರಿಯೊಬ್ಬರ ಹೇಳಿಕೆ ಈ ದಾವೆಯ ಮುಖ್ಯ ಆಧಾರ. 2005ರ ಸೆಪ್ಟೆಂಬರ್ 24ರಂದು ವಿಯೆನ್ನಾದಲ್ಲಿ ಆ ಪರಮಾಣು ಸಂಸ್ಥೆಯ ಸಭೆಯಲ್ಲಿ ಇರಾನ್ ವಿರುದ್ಧದ ನಿರ್ಣಯದ ಪರ 22, ವಿರುದ್ಧ 1 ಮತ ಬಿದ್ದು, 12 ದೇಶಗಳು ತಟಸ್ಥವಾಗಿ ಉಳಿದಿದ್ದವು. ದಕ್ಷಿಣ ಆಫ್ರಿಕಾ ತಟಸ್ಥರಲ್ಲಿ ಒಂದು; ಭಾರತ ನಿರ್ಣಯದ ಪರ ಮತ ಹಾಕಿ ಮನೆಯೊಳಗೆ ಸಾಕಷ್ಟು ಟೀಕೆಗೆ ಗುರಿಯಾಯಿತು.

ಎಂಟಿಎನ್ ಎಲ್ಲವನ್ನೂ ನಿರಾಕರಿಸಿತು. ಬ್ರಿಟನ್ನಿನ ನಿವೃತ್ತ ನ್ಯಾಯಮೂರ್ತಿ ಲಾರ್ಡ್ ಹಾಫ್‌ಮನ್ ಅವರ ನೇತೃತ್ವದಲ್ಲಿ ಅದು ನೇಮಿಸಿದ ಸಮಿತಿ 2013ರ ಆರಂಭದಲ್ಲಿ ವರದಿ ಕೊಟ್ಟು, ಆರೋಪಗಳಲ್ಲಿ ಹುರುಳಿಲ್ಲ, ಮುಖ್ಯ ಸಾಕ್ಷಿ ನಂಬಲರ್ಹನಲ್ಲ ಎಂದಿತು. ಕಂಪನಿಯೇ ನೇಮಿಸಿದ ಸಮಿತಿ ಎಂಬುದು ಓದುಗರ ಗಮನದಲ್ಲಿರಬೇಕು, ಸಮಿತಿಯ ಅಧ್ಯಕ್ಷರ ಘನತೆಯೂ ಗಮನದಲ್ಲಿರಬೇಕು. ನನ್ನ ದೃಷ್ಟಿಯಲ್ಲಿ ಆರೋಪಗಳು ನಿಜವೆಂದು ಮುಂದೊಂದು ದಿನ ಸಾಬೀತಾದರೂ ಅವು ವಿವರಿಸುವುದು ಕಡೆಯ ತಿರುವನ್ನು ಮಾತ್ರ. ಮೇ 2004ರ ರನ್‌ವೇ ತಡೆ, ಸೆಪ್ಟೆಂಬರ್‌ನ ಮಸೂದೆ, ಸಚಿವರ ಪದಚ್ಯುತಿ, ಇವ್ಯಾವನ್ನೂ ಜೋಹಾನ್ಸ್‌ಬರ್ಗ್‌ನಲ್ಲಿ ಕುಳಿತ ಕಂಪನಿ ಹುಟ್ಟುಹಾಕುವಂತಿರಲಿಲ್ಲ. ತೆರೆದ ಬಾಗಿಲು ಎದುರಿಗಿತ್ತು. ಎಂಟಿಎನ್ ಅದನ್ನು ಹೇಗೆ ದಾಟಿತೆಂಬುದಷ್ಟೇ ವಿವಾದ.

ಟರ್ಕ್‌ಸೆಲ್ ಇರಾನ್ ಸರ್ಕಾರದ ವಿರುದ್ಧವೂ 2008ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಿತ್ತು. ಆ ಪ್ರಯತ್ನ 2014ರಲ್ಲಿ ಅದಕ್ಕೆ ವಿರುದ್ಧವಾಗಿ ಮುಗಿಯಿತು.

ಗೆದ್ದವರಿಗೆ ದಕ್ಕಿದ್ದು

2006ರ ಅಕ್ಟೋಬರ್‌ನಲ್ಲಿ ಇರಾನ್‌ಸೆಲ್ ಸೇವೆ ಆರಂಭವಾಯಿತು. ಪ್ರಿಪೇಯ್ಡ್ ಸಿಮ್ ಬಂದು ಬೆಲೆ ಕುಸಿಯಿತು, ವಿದ್ಯಾರ್ಥಿಗಳ ಕೈಗೂ ಮೊಬೈಲ್ ಬಂತು, ಒಂದು ದಶಕದೊಳಗೆ ಗ್ರಾಹಕರ ಸಂಖ್ಯೆ 4 ಕೋಟಿ ದಾಟಿತು. ಬಳಕೆದಾರರ ಮಟ್ಟಿಗೆ ಇದು ನಿಜವಾದ ಲಾಭ. ಯಾವ ಬಣ ಗೆದ್ದಿದ್ದರೂ ಬಹುಶಃ ಆಗುತ್ತಿತ್ತು.

ಆದರೆ 2009ರ ಜೂನ್ 12ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶದ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದಾಗ ಟೆಹರಾನಿನಲ್ಲಿ ಎಸ್ಸೆಮ್ಮೆಸ್ ನಿಂತಿತು, ಮೊಬೈಲ್ ಕರೆಗಳು ಮತ್ತೆ ಮತ್ತೆ ಕಡಿದವು. ಇರಾನಿಗೆ ಕರೆ ನಿಗಾ ವ್ಯವಸ್ಥೆ ಪೂರೈಸಿದ್ದಕ್ಕಾಗಿ ನೋಕಿಯಾ ಸೀಮೆನ್ಸ್ ನೆಟ್‌ವರ್ಕ್ಸ್ ಯುರೋಪಿನ ಸಂಸತ್ತಿನ ಮುಂದೆ ಉತ್ತರ ಹೇಳಬೇಕಾಯಿತು. ಅದೇ ವರ್ಷ ಮೂರನೆಯ ಮೊಬೈಲ್ ಪರವಾನಗಿಯನ್ನು ಗೆದ್ದಿದ್ದ ಅರಬ್ ಸಂಯುಕ್ತ ಸಂಸ್ಥಾನದ ಎತಿಸಲಾತ್ ಕೆಲವೇ ತಿಂಗಳಲ್ಲಿ ಅದನ್ನು ಕಳೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರಿ ದೂರಸಂಪರ್ಕ ಸಂಸ್ಥೆಯ 50 ಶೇಕಡಾ ಮತ್ತು ಒಂದು ಷೇರನ್ನು ಖಾಸಗೀಕರಣದ ಹೆಸರಿನಲ್ಲಿ ಮಾರಾಟಕ್ಕಿಟ್ಟಾಗ, ಪೈಪೋಟಿಯಲ್ಲಿದ್ದ ಯಜ್ದ್‌ನ ಸ್ಥಳೀಯ ಕಂಪನಿಯೊಂದನ್ನು ಹರಾಜಿನ ಮುನ್ನಾದಿನ ಭದ್ರತೆಯ ಕಾರಣ ಹೇಳಿ ಕೈಬಿಡಲಾಯಿತು. ಷೇರುಗಳು ಸುಮಾರು 780 ಕೋಟಿ ಡಾಲರ್‌ಗೆ ರೆವಲ್ಯೂಷನರಿ ಗಾರ್ಡ್‌ಗೆ ನಂಟಿರುವ ಎತೆಮಾದ್ ಮೊಬೀನ್ ಒಕ್ಕೂಟದ ಪಾಲಾದವು. 2004ರಲ್ಲಿ ಟರ್ಕಿಯವರಿಗೆ ಹೇಳಿದ ಕಾರಣವನ್ನೇ ಐದು ವರ್ಷಗಳ ನಂತರ ಇರಾನಿನವರಿಗೂ ಹೇಳಲಾಯಿತು. ಅಲ್ಲಿಗೆ ದೇಶದ ಎರಡು ದೊಡ್ಡ ಮೊಬೈಲ್ ಜಾಲಗಳೂ ಚುನಾಯಿತ ಸರ್ಕಾರದ ಹತೋಟಿಗೆ ಪೂರ್ತಿ ಸಿಗದ ಸಂಸ್ಥೆಗಳ ಕೈ ಸೇರಿದಂತಾಯಿತು.

ಎಂಟಿಎನ್ ಗೆಲುವೂ ನಿರಾಳವಾಗಿರಲಿಲ್ಲ. ಸಾಯಿರಾನ್ ಮೇಲೆ ಅಮೆರಿಕ 2008ರಲ್ಲಿ ನಿರ್ಬಂಧ ಹೇರಿತು. 2012ರ ನಂತರ ಬ್ಯಾಂಕಿಂಗ್ ನಿರ್ಬಂಧಗಳು ಬಿಗಿಯಾದಾಗ ಇರಾನಿನಲ್ಲಿ ಗಳಿಸಿದ ಲಾಭ ಅಲ್ಲಿಯೇ ಸಿಕ್ಕಿಕೊಂಡಿತು. 2016ರಲ್ಲಿ ಪರಮಾಣು ಒಪ್ಪಂದ ಜಾರಿಯಾದ ಮೇಲೆ ಸುಮಾರು 100 ಕೋಟಿ ಡಾಲರ್ ಹೊರತರಲು ಸಾಧ್ಯವಾಯಿತು, 2018ರಲ್ಲಿ ಅಮೆರಿಕ ಒಪ್ಪಂದದಿಂದ ಹಿಂದೆ ಸರಿದಾಗ ಆ ದಾರಿ ಮತ್ತೆ ಮುಚ್ಚಿತು. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಸತ್ತ ಹಾಗೂ ಗಾಯಗೊಂಡ ಅಮೆರಿಕನ್ನರ ಕಡೆಯವರು, ಇರಾನ್‌ಸೆಲ್ ಮೂಲಕ ಗಾರ್ಡ್‌ಗೆ ನೆರವಾಯಿತೆಂದು ಎಂಟಿಎನ್ ವಿರುದ್ಧ ಅಮೆರಿಕದಲ್ಲಿ ದಾವೆ ಹೂಡಿದ್ದಾರೆ. 2020ರಲ್ಲಿ ಕಂಪನಿ ಮಧ್ಯಪ್ರಾಚ್ಯವನ್ನು ಹಂತಹಂತವಾಗಿ ತೊರೆಯುವುದಾಗಿ ಘೋಷಿಸಿತಾದರೂ 49 ಶೇಕಡಾ ಪಾಲು ಅದರ ಹೆಸರಿನಲ್ಲಿಯೇ ಉಳಿದಿದೆ.

ಟರ್ಕ್‌ಸೆಲ್‌ನ ದಾವೆಯ ಗತಿ ಹೀಗೆ: ವಿದೇಶದಲ್ಲಿ ನಡೆದ ಕೃತ್ಯಗಳ ವಿಚಾರಣೆಗೆ ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ಬೇರೊಂದು ಪ್ರಕರಣದಲ್ಲಿ ಮಿತಿ ಹಾಕಿದ್ದರಿಂದ ಅದು ವಾಷಿಂಗ್ಟನ್‌ನಲ್ಲಿ ದಾವೆಯನ್ನು ಹಿಂಪಡೆದು, ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಹೂಡಿತು. ಅಲ್ಲಿನ ಹೈಕೋರ್ಟ್ 2022ರಲ್ಲಿ ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿತು. 2025ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಸುಪ್ರೀಂ ಕೋರ್ಟ್ ಆಫ್ ಅಪೀಲ್ ಆ ತೀರ್ಪನ್ನು ಬದಿಗಿಟ್ಟು, ದಕ್ಷಿಣ ಆಫ್ರಿಕಾದ ನ್ಯಾಯಾಲಯ ವಿಚಾರಣೆ ನಡೆಸಬಹುದು, ಆದರೆ ತಪ್ಪು ಒಪ್ಪುಗಳನ್ನು ಇರಾನಿನ ಕಾನೂನಿನ ಪ್ರಕಾರವೇ ಅಳೆಯಬೇಕು ಎಂದು ತೀರ್ಮಾನಿಸಿತು.